ಹಳೆ ಬಸ್ಸಿನಲ್ಲಿ ಹಳೆ ಬ್ಯಾರಲ್: ಪಾದಯಾತ್ರೆಯ ನೀರಿನ ಗಾಡಿ ಕಟ್ಟಿದ ಬಗೆ

ಯುಗಾದಿಗೆ ಮುನ್ನ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವ ತಂಡಗಳ ಬೆನ್ನಿಗೆ ಒಂದು ಗಾಡಿ ಇದ್ದೇ ಇರುತ್ತದೆ. ಅಕ್ಕಿ, ಜೋಳದ ಹಿಟ್ಟು, ಹಾಸಿಗೆ, ಪಾತ್ರೆ ಎಲ್ಲ ಅದರಲ್ಲೇ. ನೀರೂ ಅದರಲ್ಲೇ. ಸೀಟು ಕಳಚಿದ ಹಳೆ ಶಾಲಾ ಬಸ್ಸೊಂದನ್ನು ಇಂಥ ಗಾಡಿಯಾಗಿ ಮಾಡುವಾಗ ನೀರಿನ ಭಾಗವನ್ನು ಹೇಗೆ ಕಟ್ಟಿದೆವು ಎಂಬುದಷ್ಟೇ ಇಲ್ಲಿದೆ. ಅಡುಗೆ ಒಲೆ, ಮಲಗುವ ಹಲಗೆಯ ವಿಷಯ ಬೇರೆ.

ಸಿಂಟೆಕ್ಸ್ ಟಾಕಿ ಬಿಟ್ಟು ನೀಲಿ ಬ್ಯಾರಲ್ ಏಕೆ? ಮೊದಲ ಕಾರಣ ಬಾಗಿಲು. 500 ಲೀಟರಿನ ಗುಂಡು ಟಾಕಿ ಶಾಲಾ ಬಸ್ಸಿನ ಬಾಗಿಲಲ್ಲಿ ತೂರುವುದಿಲ್ಲ. 58 ಸೆಂಟಿಮೀಟರ್ ಅಡ್ಡಳತೆಯ ಬ್ಯಾರಲ್ ಸಲೀಸಾಗಿ ಒಳಗೆ ಹೋಗುತ್ತದೆ. ಎರಡನೆಯದು ನೀರಿನ ಹೊಯ್ದಾಟ. ದೊಡ್ಡ ಟಾಕಿ ಅರ್ಧ ಖಾಲಿಯಾದಾಗ ತಿರುವಿನಲ್ಲಿ ನೀರು ಒಂದೇ ಕಡೆ ಬೀಳುತ್ತದೆ, ಗಾಡಿ ವಾಲುತ್ತದೆ. ಮೂರು ನಾಲ್ಕು ಸಣ್ಣ ಬ್ಯಾರಲ್‌ಗಳಾದರೆ ಆ ಏಟು ಒಡೆದು ಹೋಗುತ್ತದೆ. ಮೂರನೆಯದು, ಒಂದು ಕೆಟ್ಟರೆ ಅದೊಂದನ್ನೇ ಬಿಚ್ಚಿ ಹಾಕಬಹುದು. ಅಗ್ಗ ಎಂಬುದು ಕೊನೆಯ ಕಾರಣ. ಅದನ್ನೇ ಮೊದಲು ಮಾಡಿಕೊಂಡವರು ಎಂಥದೋ ಬ್ಯಾರಲ್ ತಂದು ಜನರಿಗೆ ಕುಡಿಸುತ್ತಾರೆ.

ಅದಕ್ಕೇ ಬ್ಯಾರಲ್ ಆರಿಸುವುದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಈ ಮೂರು ಜಿಲ್ಲೆಗಳ ಗುಜರಿ ಅಂಗಡಿಗಳಲ್ಲಿ ಸಿಗುವ ಬ್ಯಾರಲ್‌ಗಳು ಎಲ್ಲಿಂದ ಬರುತ್ತವೆ ನೋಡಿ. ಸಕ್ಕರೆ ಕಾರ್ಖಾನೆಗಳಿಂದ ಬರುವವುಗಳಲ್ಲಿ ಕಬ್ಬಿನ ಹಾಲು ತಿಳಿಗೊಳಿಸುವ ಫಾಸ್ಫೋರಿಕ್ ಆಮ್ಲ, ಕುದಿಸುವ ಕೊಳವೆಗಳ ಹಕ್ಕಳೆ ತೆಗೆಯುವ ಕಾಸ್ಟಿಕ್ ಸೋಡಾ, ಗಾಣದ ಕಡೆ ಸೂಕ್ಷ್ಮಜೀವಿ ಕೊಲ್ಲುವ ರಾಸಾಯನಿಕ ಇರುತ್ತವೆ. ವಿಜಯಪುರದ ದ್ರಾಕ್ಷಿ ಸೀಮೆಯಿಂದ ಒಣದ್ರಾಕ್ಷಿಗೆ ಅದ್ದುವ ಡಿಪ್ಪಿಂಗ್ ಆಯಿಲ್ ಬರುತ್ತದೆ. ಚಾಟನಿ (ಬಳ್ಳಿ ಸವರುವುದು) ಆದ ಮೇಲೆ ಚಿಗುರೊಡೆಸಲು ಬಳಿಯುವ ಹೈಡ್ರೋಜನ್ ಸಯನಮೈಡ್‌ನಂಥ ಘೋರ ವಿಷದ ಡಬ್ಬಿಗಳೂ ಬರುತ್ತವೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಂದ ರೆಸಿನ್, ಹೈಡ್ರಾಲಿಕ್ ಎಣ್ಣೆ, ಲೇತಿನ ಕೂಲಂಟ್. ರಬಕವಿ ಬನಹಟ್ಟಿ, ಇಳಕಲ್ಲಿನ ಕಡೆ ನೂಲಿಗೆ ಬಣ್ಣ ಹಾಕುವಲ್ಲಿಂದ ಹೈಡ್ರೋಜನ್ ಪೆರಾಕ್ಸೈಡ್, ಅಸಿಟಿಕ್ ಆಮ್ಲ. ಎಲ್ಲವೂ ನೀಲಿ ಬಣ್ಣದವೇ, ಎಲ್ಲವೂ ಒಂದೇ ಅಳತೆಯವೇ.

“ನಾಕ ಸಲ ಸೋಡಾ ಹಾಕಿ ತೊಳದ್ರ ಮುಗೀತ್ರಿ ಅಣ್ಣಾರ, ಊರ ಮಂದಿ ಎಲ್ಲಾ ಇದರಾಗ ನೀರ ತುಂಬತಾರ” ಎನ್ನುತ್ತಾನೆ ಗುಜರಿಯವ. ಅವನ ಮಾತು ಅರ್ಧ ನಿಜ. ಬ್ಯಾರಲ್ ಮಾಡುವುದು ಎಚ್‌ಡಿಪಿಇ ಪ್ಲಾಸ್ಟಿಕ್ಕಿನಿಂದ. ಅದು ನೀರಿನಲ್ಲಿ ಕರಗುವ ಕ್ಷಾರವನ್ನಾಗಲಿ ಆಮ್ಲವನ್ನಾಗಲಿ ಹೆಚ್ಚು ಹೀರುವುದಿಲ್ಲ. ಆದರೆ ಎಣ್ಣೆ, ದ್ರಾವಕ, ಕೀಟನಾಶಕಗಳು ಅದರ ಗೋಡೆಯೊಳಗೇ ಇಳಿಯುತ್ತವೆ. ಮೇಲ್ಮೈ ತೊಳೆದರೆ ವಾಸನೆ ಹೋದಂತೆ ಕಾಣುತ್ತದೆ, ಬಿಸಿಲಿಗೆ ಬಸ್ಸು ಕಾದಾಗ ಒಳಗಿಳಿದದ್ದು ಮೆಲ್ಲಗೆ ನೀರಿಗೆ ಬಿಡುತ್ತದೆ. ಅಂಥದನ್ನು ಯಾವ ಸೋಡಾ, ಯಾವ ಪುಡಿಯೂ ಸರಿಮಾಡದು.

ನಾವು ಹಿಡಿದದ್ದು ದ್ರವ ಗ್ಲೂಕೋಸ್ ಬ್ಯಾರಲ್‌ಗಳ ಬೆನ್ನು. ಬೇಕರಿ, ಸಿಹಿತಿಂಡಿ, ಐಸ್‌ಕ್ರೀಮ್ ಮಾಡುವಲ್ಲಿ ಇವು ಖಾಲಿಯಾಗುತ್ತವೆ. ಗುಜರಿಗೆ ಬರುವ ಮೊದಲೇ, ಖಾಲಿಯಾದ ಜಾಗದಲ್ಲೇ ಕೊಳ್ಳಬೇಕು. ಲೇಬಲ್ ಇನ್ನೂ ಅಂಟಿಕೊಂಡಿರಬೇಕು, ಒಳಗೆ ಅಂಟು ಪಾಕ ಕಾಣಬೇಕು. ಗ್ಲೂಕೋಸ್ ಬಿಸಿನೀರಿಗೆ ಪೂರ್ತಿ ಕರಗಿ ಹೋಗುತ್ತದೆ. ಖಾದ್ಯ ತೈಲದ್ದೂ ನಡೆಯುತ್ತದೆ, ಜಿಡ್ಡು ಬಿಡಿಸುವ ಕೆಲಸ ಮಾತ್ರ ಹೆಚ್ಚು. ಉಪ್ಪಿನಕಾಯಿಯ ಬ್ಯಾರಲ್ ಆರೋಗ್ಯಕ್ಕೆ ಕೆಟ್ಟದ್ದಲ್ಲ, ಆದರೆ ಇಂಗು ಮೆಂತ್ಯದ ವಾಸನೆ ವರ್ಷವಾದರೂ ಬಿಡದು. ಕೈಕಾಲು ತೊಳೆಯುವ ನೀರಿಗೆ ಇಟ್ಟುಕೊಳ್ಳಬಹುದು.

ಲೇಬಲ್ ಕಿತ್ತ ಬ್ಯಾರಲ್ ಬೇಡ. ಬುಡದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಇದ್ದರೆ ಎಚ್‌ಡಿಪಿಇ ಎಂದರ್ಥ, ಅಷ್ಟೇ; ಒಳಗೆ ಏನಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಯುಎನ್ (ವಿಶ್ವಸಂಸ್ಥೆ) 1ಎಚ್1 ಎಂದು ಅಚ್ಚೊತ್ತಿದ್ದರೆ ಮುಚ್ಚಿದ ತಲೆಯ ಪ್ಲಾಸ್ಟಿಕ್ ಡ್ರಮ್, 1ಎಚ್2 ಇದ್ದರೆ ಮುಚ್ಚಳ ಪೂರ್ತಿ ತೆಗೆಯುವಂಥದ್ದು. ಅಪಾಯಕಾರಿ ಸರಕು ತುಂಬಲು ಅರ್ಹ ಎಂಬ ಗುರುತು ಅದು. ಆಹಾರ ತುಂಬುವವರೂ ಅಂಥ ಡ್ರಮ್ ಬಳಸುವುದುಂಟು, ಹಾಗಾಗಿ ಆ ಗುರುತೊಂದನ್ನೇ ನೋಡಿ ಬೇಡ ಎನ್ನಬೇಕಿಲ್ಲ. ವಜ್ರಾಕಾರದ ಎಚ್ಚರಿಕೆ ಚೀಟಿ ಅಂಟಿದ್ದ ಕಲೆ ಕಂಡರೆ ಮಾತ್ರ ಅಲ್ಲಿಗೇ ಬಿಡಿ. ತಯಾರಾದ ತಿಂಗಳು, ವರ್ಷವೂ ಅಚ್ಚಿನಲ್ಲಿರುತ್ತದೆ. ಅಪಾಯಕಾರಿ ಸರಕಿಗೆ ಪ್ಲಾಸ್ಟಿಕ್ ಡ್ರಮ್ಮಿನ ಆಯುಷ್ಯ ಐದು ವರ್ಷ ಎಂದು ಯುಎನ್ ನಿಯಮವಿದೆ. ನೀರಿಗೆ ಅಷ್ಟು ಬಿಗಿ ಬೇಕಿಲ್ಲ, ಆದರೆ ಅಂಗಳದ ಬಿಸಿಲಿಗೆ ಬಿದ್ದಿದ್ದ ಬ್ಯಾರಲ್ ವರ್ಷದ ಲೆಕ್ಕಕ್ಕಿಂತ ಮುಂಚೆ ಮುಪ್ಪಾಗುತ್ತದೆ. ಅಂಗೈಯಿಂದ ಉಜ್ಜಿ, ನೀಲಿ ಹಿಟ್ಟು ಕೈಗೆ ಹತ್ತಿದರೆ ಅದರ ಕಥೆ ಮುಗಿದಿದೆ, ಹೊಂಡಕ್ಕೆ ಗಾಡಿ ಜಿಗಿದಾಗ ಅಂಚಿನಲ್ಲಿ ಸೀಳುತ್ತದೆ.

ತೊಳೆಯುವುದು ಹೀಗೆ. 60 ಡಿಗ್ರಿ ಆಸುಪಾಸಿನ ಬಿಸಿನೀರು 20 ಲೀಟರ್, ಅದಕ್ಕೆ 200 ಗ್ರಾಂ ಬಟ್ಟೆಸೋಡಾ. ಬಿರಡೆ ಬಿಗಿದು ನೆಲದ ಮೇಲೆ ಉರುಳಿಸಿ, ಎರಡೂ ತುದಿಯ ಮೇಲೆ ಅರ್ಧರ್ಧ ತಾಸು ನಿಲ್ಲಿಸಿ, ಚೆಲ್ಲಿ. ಕುದಿಯುವ ನೀರು ಹಾಕಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಬುಡ ಹೊರಗುಬ್ಬುತ್ತದೆ. ಒಳಗೆ ಜಲ್ಲಿಕಲ್ಲು ಹಾಕಿ ಗಿಲಕಿಸುವ ರೂಢಿ ಕೆಲವರದು. ಬೇಡ, ಗೀರು ಬಿದ್ದ ಕಡೆಯೇ ಮುಂದೆ ಲೋಳೆ ಕಟ್ಟುತ್ತದೆ. ಆಮೇಲೆ ಎರಡು ಲೀಟರ್ ಬಿಸಿನೀರು ಬಿಟ್ಟು ಬಿರಡೆ ಮುಚ್ಚಿ ಒಂದು ದಿನ ಬಿಸಿಲಿಗಿಟ್ಟು ಮೂಸಿ ನೋಡಿ. ಎಣ್ಣೆ ಬಣ್ಣದ್ದೋ ಔಷಧದ್ದೋ ವಾಸನೆ ಬಂದರೆ ಹಿಂದಿರುಗಿಸಿ. ವಾಸನೆ ಬರಲಿಲ್ಲ ಎಂದ ಮಾತ್ರಕ್ಕೆ ಗುರುತಿಲ್ಲದ ಬ್ಯಾರಲ್ ಪಾಸಾಯಿತು ಎಂದಲ್ಲ, ಎಷ್ಟೋ ವಿಷಕ್ಕೆ ವಾಸನೆಯೇ ಇಲ್ಲ.

ಇನ್ನು ಜೋಡಣೆ. ನೀರಿನ ಮಟ್ಟದ ಕೆಳಗೆ ಹೊಸ ತೂತು ಕೊರೆಯದೆ ಕೆಲಸ ಆಗುವಂತಿದ್ದರೆ ಕೊರೆಯಬಾರದು. ಎಚ್‌ಡಿಪಿಇಗೆ ಯಾವುದೂ ಅಂಟುವುದಿಲ್ಲ. ಎಂ-ಸೀಲ್, ಅರಾಲ್ಡೈಟ್, ಪಿವಿಸಿ ಸಲ್ಯೂಷನ್, ಸಿಲಿಕೋನ್ ಎಲ್ಲವೂ ಅಂಗಡಿಯಿಂದ ಬಸ್ಸಿನ ತನಕ ಗಟ್ಟಿಯಾಗೇ ಇರುತ್ತವೆ. ಮೊದಲ ಹಂಪ್ ದಾಟಿದಾಗ ಚಕ್ಕೆಯಾಗಿ ಏಳುತ್ತವೆ. ಬ್ಯಾರಲಿನ ಗೋಡೆ ದುಂಡಗಿರುವುದರಿಂದ ಚಪ್ಪಟೆ ವಾಷರ್ ಕೂಡ ಅಲ್ಲಿ ನಾಲ್ಕೂ ಕಡೆ ಕೂರುವುದಿಲ್ಲ.

ಹಾಗಾದರೆ ನಳ ಎಲ್ಲಿಂದ? ಮುಚ್ಚಿದ ತಲೆಯ ಬ್ಯಾರಲಿಗೆ ತಲೆಯ ಮೇಲೆ ಎದುರುಬದುರಾಗಿ ಎರಡು ಬಾಯಿ ಇರುತ್ತವೆ, ಎರಡಿಂಚಿನವು. ಬ್ಯಾರಲನ್ನು ಅಡ್ಡ ಮಲಗಿಸಿ, ಒಂದು ಬಾಯಿ ನೇರ ಕೆಳಗೆ, ಇನ್ನೊಂದು ನೇರ ಮೇಲೆ ಬರುವಂತೆ ತಿರುಗಿಸಿದರೆ ಕೆಳಗಿನದು ನೀರಿಗೆ, ಮೇಲಿನದು ಗಾಳಿಗೆ. ಬಿರಡೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ: ಹಲವು ಬಿರಡೆಗಳ ನಡುವೆ ಮುಕ್ಕಾಲು ಇಂಚಿನ ಒಳಮರೆ (ಒಳಗಡೆಯ ತಿರುಪಿನ ಹಲ್ಲು) ಇರುತ್ತದೆ, ಅದರ ತಳದಲ್ಲಿ ತೆಳುವಾದ ಪೊರೆ. ಬಿರಡೆಯನ್ನು ಹಲಗೆಯ ಮೇಲೆ ಬೋರಲಾಗಿಟ್ಟು ಚೂಪು ಚಾಕುವಿನಿಂದ ಆ ಪೊರೆಯನ್ನು ಸುತ್ತ ಕೊಯ್ದು ತೆಗೆದರೆ ಮುಕ್ಕಾಲಿಂಚಿನ ನಿಪ್ಪಲ್ (ಮರೆ ಇರುವ ಗಿಡ್ಡ ಪೈಪು) ಸೀದಾ ತಿರುಗಿ ಕೂರುತ್ತದೆ. ಚಾಕು ಮರೆಯ ಹಲ್ಲಿಗೆ ತಗಲಬಾರದು, ಒಂದು ಹಲ್ಲು ಹರಿದರೂ ಅಲ್ಲಿಂದ ಹನಿಯುತ್ತದೆ. ಟೆಫ್ಲಾನ್ ಟೇಪ್ ಎಂಟು ಹತ್ತು ಸುತ್ತು, ಕೈಬಿಗಿ ಆದ ಮೇಲೆ ಪಾನಾದಿಂದ ಅರ್ಧ ಸುತ್ತು, ಸಾಕು. ಪ್ಲಾಸ್ಟಿಕ್ ಬಿರಡೆಗೆ ಕಬ್ಬಿಣದ ನಿಪ್ಪಲ್ ಹಾಕಿ ಬಲ ಬಿಟ್ಟರೆ ಬಿರಡೆಯೇ ಸೀಳುತ್ತದೆ. ಹಳೆ ಬಿರಡೆಯ ವಾಷರ್ ತೆಗೆದೆಸೆದು ಹೊಸದು ಹಾಕಿ, ಒಳಗಿದ್ದ ಪದಾರ್ಥವನ್ನು ಅತಿ ಹೆಚ್ಚು ಕುಡಿದಿರುವುದು ಅದೇ. ಕೆಲವು ಬ್ಯಾರಲ್‌ಗಳಲ್ಲಿ ಎರಡು ಬಾಯಿಯ ಮರೆ ಬೇರೆಬೇರೆ. ಒಂದರದು ನಯ, ಇನ್ನೊಂದರದು ದಪ್ಪ. ದಪ್ಪ ಮರೆಗೆ ಪ್ಲಂಬಿಂಗ್ ಅಂಗಡಿಯ ಯಾವ ಫಿಟಿಂಗೂ ಹೊಂದುವುದಿಲ್ಲ, ಅದರದೇ ಬಿರಡೆ ಬೇಕು. ಪೆರಾಕ್ಸೈಡ್ ಬ್ಯಾರಲಿನ ಬಿರಡೆಯಲ್ಲಿ ಗಾಳಿ ಬಿಡುವ ಸಣ್ಣ ಕಿಂಡಿ ಇರುತ್ತದೆ. ಗುಜರಿಯಲ್ಲಿ ಬಿರಡೆ ಅದಲು ಬದಲಾಗಿ ಅಂಥದು ಕೆಳಗಿನ ಬಾಯಿಗೆ ಬಂದರೆ ಎಷ್ಟು ಬಿಗಿದರೂ ಸೋರುತ್ತದೆ.

ಮಲಗಿಸಿದ ಬ್ಯಾರಲಿನಲ್ಲಿ ಕೆಳಬಾಯಿಗಿಂತ ತಗ್ಗಿನಲ್ಲಿ 10ರಿಂದ 15 ಲೀಟರ್ ನೀರು ಉಳಿದೇ ಉಳಿಯುತ್ತದೆ. ಹಿಂತುದಿಯನ್ನು ಮೂರು ಸೆಂಟಿಮೀಟರ್ ಎತ್ತಿ ಕೂರಿಸಿದರೆ ಅದರಲ್ಲಿ ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ಮೇಲ್ಬಾಯಿಯ ಮೇಲೂ ಅಷ್ಟಿಷ್ಟು ಗಾಳಿ ನಿಲ್ಲುತ್ತದೆ. ಆದ್ದರಿಂದ 220 ಲೀಟರಿನ ಬ್ಯಾರಲ್ ಎಂದರೆ ಬಳಕೆಗೆ ಸಿಗುವುದು 195 ಎಂದು ಲೆಕ್ಕ ಹಿಡಿಯಿರಿ.

ಮೂರು ಬ್ಯಾರಲ್ ಹೀಗೆ ಮಲಗಿದವು, ಉದ್ದ ಬಸ್ಸಿನ ಅಗಲಕ್ಕೆ, ತಲೆ ನಡುದಾರಿಯ ಕಡೆಗೆ. ಬ್ರೇಕ್ ಹಾಕಿದಾಗ ನೀರು ಓಡುವುದು ಮುಂದಕ್ಕೆ. ಉದ್ದುದ್ದ ಮಲಗಿಸಿದರೆ ಅದಕ್ಕೆ 85 ಸೆಂಟಿಮೀಟರ್ ಓಟ ಸಿಗುತ್ತದೆ, ಅಡ್ಡ ಮಲಗಿಸಿದರೆ 58ಕ್ಕೇ ಗೋಡೆ ಸಿಗುತ್ತದೆ. ನಳ, ಚಾವಿ ಎಲ್ಲ ನಡುದಾರಿಗೇ ಬಂದು ಕೈಗೆಟಕುತ್ತವೆ. ಮೇಲೆ 12 ಮಿಮೀ ಪ್ಲೈವುಡ್ ಹಾಸಿದರೆ ಅಡುಗೆ ಕಟ್ಟೆಯೂ ಆಯಿತು, ಬ್ಯಾರಲಿಗೆ ಬೆಳಕು ತಾಗದೆ ಪಾಚಿಯೂ ತಪ್ಪಿತು. ನೀಲಿ ಪ್ಲಾಸ್ಟಿಕ್ ಬೆಳಕನ್ನು ಒಂದಿಷ್ಟು ಒಳಗೆ ಬಿಡುತ್ತದೆ. ಬಣ್ಣ ಬಳಿದು ತಡೆಯೋಣವೆಂದರೆ ಬಣ್ಣವೂ ಅಂಟದು.

ಬ್ಯಾರಲ್ ನಿಲ್ಲಲಿಕ್ಕೆ ಹುಟ್ಟಿದ್ದು, ಮಲಗಲಿಕ್ಕಲ್ಲ. ಎರಡು ಕಂಬಿಯ ಮೇಲೆ ಮಲಗಿಸಿದರೆ ಮಾರ್ಚ್ ಬಿಸಿಲಿಗೆ 200 ಕಿಲೋ ಭಾರ ಹೊತ್ತು ಹೊಟ್ಟೆ ಜೋತುಬಿಡುತ್ತದೆ. ಉದ್ದಕ್ಕೂ ಎರಡು ಮರದ ಹಲಗೆಗಳನ್ನು ಓರೆಯಾಗಿ ಇಟ್ಟು ಕಣಿವೆಯಂತೆ ಮಾಡಿ, ಅದಕ್ಕೆ ಹಳೆ ಟ್ಯೂಬಿನ ರಬ್ಬರ್ ಹೊಡೆದು, ಅದರಲ್ಲಿ ಕೂರಿಸಬೇಕು. ಹಲಗೆ ಹೊರುವ ಚೌಕಟ್ಟು 40×40×5 ಮಿಮೀ ಆಂಗಲ್‌ದು. 12 ಮಿಮೀ ಬೋಲ್ಟು ನೆಲದ ಹಲಗೆಯನ್ನು ಹಾಯ್ದು ಕೆಳಗಿನ ಅಡ್ಡ ಬೀಮಿಗೆ ಹೋಗಬೇಕು. ಬರೀ ಪ್ಲೈವುಡ್ ನೆಲಕ್ಕೆ ಬಿಗಿದದ್ದು ಲೆಕ್ಕಕ್ಕಿಲ್ಲ. ಜೋರು ಬ್ರೇಕಿಗೆ 200 ಲೀಟರಿನ ಬ್ಯಾರಲ್ ಮುಂದಕ್ಕೆ 150 ಕಿಲೋಗೂ ಮಿಕ್ಕಿ ತಳ್ಳುತ್ತದೆ. ಮೂರೂ ಒಂದಕ್ಕೊಂದು ಆತುಕೊಂಡಿದ್ದರೆ ಮುಂದಿನ ಒಂದು ಆಂಗಲ್ ಮೇಲೆ ಆ ಮೂರರ ಭಾರವೂ ಬೀಳುತ್ತದೆ. ಅದಕ್ಕೆ ಪ್ರತಿಯೊಂದಕ್ಕೂ ತನ್ನದೇ ತಡೆಪಟ್ಟಿ, ತನ್ನದೇ ಎರಡು ರ‍್ಯಾಚೆಟ್ ಬೆಲ್ಟು, 50 ಮಿಮೀ ಅಗಲದವು. ತಂತಿ ಬಿಗಿಯಬೇಡಿ, ಪ್ಲಾಸ್ಟಿಕ್ ಕೊರೆಯುತ್ತದೆ. ರಾತ್ರಿಯ ತಂಪಿಗೂ ಮಧ್ಯಾಹ್ನದ ಕಾವಿಗೂ 30 ಡಿಗ್ರಿ ವ್ಯತ್ಯಾಸವಾದರೆ ಬ್ಯಾರಲ್ ಉದ್ದದಲ್ಲಿ ನಾಲ್ಕು ಮಿಮೀ ಹಿಗ್ಗಿ ಕುಗ್ಗುತ್ತದೆ. ಬೆಳಿಗ್ಗೆ ಹೊರಡುವ ಮುನ್ನ ಬೆಲ್ಟು ಮುಟ್ಟಿ ನೋಡುವುದು ಚಾಲಕನ ಕೆಲಸ.

ಜಾಗ ಎರಡು ಅಚ್ಚುಗಳ ನಡುವೆ. ಹಿಂದಿನ ಚಕ್ರ ದಾಟಿ ಬಾಲದಲ್ಲಿ ಕೂರಿಸಿದರೆ ಮುಂದಿನ ಚಕ್ರದ ಭಾರ ಎತ್ತಿ ಸ್ಟೇರಿಂಗ್ ಹಗುರಾಗುತ್ತದೆ, ಘಟ್ಟದಲ್ಲಿ ಅದು ಅಪಾಯ. ಕಬ್ಬಿನ ಸೀಮೆಯಲ್ಲಿ ವೇಬ್ರಿಜ್‌ಗೆ ಬರವಿಲ್ಲ. ತುಂಬಿದ ಗಾಡಿಯ ಮುಂದಿನ ಚಕ್ರವನ್ನಷ್ಟೇ ಒಮ್ಮೆ, ಪೂರ್ತಿ ಗಾಡಿಯನ್ನು ಒಮ್ಮೆ ತೂಗಿಸಿ, ಆರ್‌ಸಿಯಲ್ಲಿ ಬರೆದ ಒಟ್ಟು ತೂಕದ ಜತೆ ಹೋಲಿಸಿ. ನೀರು, ಬ್ಯಾರಲ್, ಚೌಕಟ್ಟು ಸೇರಿ 900 ಕಿಲೋ ದಾಟುತ್ತದೆ. ಸೀಟಿನಲ್ಲಿ ಕೂರುತ್ತಿದ್ದ ಹದಿಮೂರು ಹದಿನಾಲ್ಕು ದೊಡ್ಡವರ ಭಾರ. ಸೀಟು ತೆಗೆದು ಗಾಡಿಯ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ವೆಲ್ಡಿಂಗಿಗೆ ಮೊದಲೇ ನಕ್ಷೆ ಹಿಡಿದು ಹೋಗಿ ಕೇಳುವುದು ಲೇಸು.

ಪೈಪಿನ ಓಟ ಸರಳ. ಪ್ರತಿ ಕೆಳಬಾಯಿಗೆ ಒಂದು ಬಾಲ್ ವಾಲ್ವ್, ಅಲ್ಲಿಂದ ಒಂದು ಅಡಿ ಬ್ರೇಡೆಡ್ ಹೋಸ್, ಆಮೇಲೆ ಒಂದಿಂಚಿನ ಸಿಪಿವಿಸಿ ಮುಖ್ಯ ಪೈಪು. ಆ ಒಂದಡಿ ಮೆದು ಪೈಪಿಗೆ ಜಿಪುಣತನ ಬೇಡ. ಗಟ್ಟಿ ಪೈಪನ್ನು ನೇರ ಬಿರಡೆಗೆ ಕೊಟ್ಟರೆ ಬ್ಯಾರಲ್ ಅಲುಗಿದಾಗಲೆಲ್ಲ ಏಟು ನಿಪ್ಪಲ್ ಕತ್ತಿನ ಮೇಲೆ ಬೀಳುತ್ತದೆ, ಅಲ್ಲೇ ಮುರಿಯುತ್ತದೆ. ವಾಲ್ವ್ ಬೇರೆಬೇರೆ ಇರಲೇಬೇಕು. ಇಳಿಜಾರಿನಲ್ಲಿ ನಿಲ್ಲಿಸಿದಾಗ ತೆರೆದೇ ಇದ್ದರೆ ಮೇಲಿನ ಬ್ಯಾರಲ್‌ಗಳ ನೀರು ಕೆಳಗಿನದಕ್ಕೆ ಇಳಿಯುತ್ತದೆ. ತುಂಬುವುದೂ ಇದೇ ಮುಖ್ಯ ಪೈಪಿನಿಂದ, ಬುಡದಿಂದ ಮೇಲಕ್ಕೆ. ಟ್ಯಾಂಕರಿನವರ ದಪ್ಪ ಪೈಪು ಸೀದಾ ಬಿಡಬೇಡಿ: ಗಾಳಿ ಹೊರಹೋಗುವ ವೇಗಕ್ಕಿಂತ ನೀರು ಬೇಗ ಬಂದರೆ ಬ್ಯಾರಲ್ ಉಬ್ಬುತ್ತದೆ, ಒತ್ತಡ ತಡೆಯಲೆಂದು ಮಾಡಿದ ಪಾತ್ರೆ ಅದಲ್ಲ.

ಗಾಳಿ ಕೊಳವೆ ಮುಕ್ಕಾಲಿಂಚಿನದು, ಕಿಟಕಿಯ ಎತ್ತರಕ್ಕೆ ಏರಿ ಅಲ್ಲಿಂದ ಇಳಿದು ನೆಲದಡಿ ಹೊರಗೆ ಬೀಳುತ್ತದೆ. ತುಂಬಿದ್ದು ಅದರಿಂದ ನೀರು ಬಿದ್ದಾಗ ಗೊತ್ತಾಗುತ್ತದೆ. ಆದರೆ ಒಮ್ಮೆ ನೀರು ಹರಿಯತೊಡಗಿದ ಕೊಳವೆ ಸೈಫನ್ ಆಗಿ ಬ್ಯಾರಲಿನ ನೀರನ್ನು ಎಳೆಯುತ್ತಲೇ ಹೋಗಬಹುದು. ಏರಿದ ತುದಿಯಲ್ಲಿ ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ) ಹಾಕಿ, ಅದರ ಮೇಲಿನ ಬಾಯಿ ತೆರೆದಿಟ್ಟು ಸೊಳ್ಳೆ ಜಾಲಿ ಕಟ್ಟಿದರೆ ಎಳೆತ ನಿಲ್ಲುತ್ತದೆ. ಗಾಳಿ ಕೊಳವೆಯೇ ಇಲ್ಲದಿದ್ದರೆ ಪಂಪು ಎಳೆದಾಗ ಬ್ಯಾರಲ್ ಒಳಕ್ಕೆ ಕುಗ್ಗುತ್ತದೆ.

ಕುಡಿಯುವ ನೀರಿನದು ಪ್ರತ್ಯೇಕ, ಇವುಗಳ ಜತೆ ಒಂದು ಪೈಪಿನ ಸಂಬಂಧವೂ ಇರಬಾರದು. ಅದಕ್ಕೆ ಮುಚ್ಚಳ ಪೂರ್ತಿ ತೆಗೆಯುವ ಬ್ಯಾರಲ್, ನಿಲ್ಲಿಸಿಯೇ. ಕೈ ಒಳಗೆ ಹೋಗಿ ಬುಡ ಉಜ್ಜಲು ಬರಬೇಕು. ಇದೊಂದನ್ನು ಹೊಸದೇ ಕೊಳ್ಳುತ್ತೇವೆ ಎನ್ನುವವರ ಜತೆ ನಮ್ಮದೇನೂ ವಾದವಿಲ್ಲ. ತೂತು ಬೇಕಾದರೆ ಮುಚ್ಚಳಕ್ಕೆ ಕೊರೆಯಿರಿ: ಮುಕ್ಕಾಲಿಂಚಿನ ಸಿಪಿವಿಸಿ ಪೈಪು ಮುಚ್ಚಳದಿಂದ ಇಳಿದು ಬುಡಕ್ಕೆ ಮೂರು ಸೆಂಟಿಮೀಟರ್ ಮೇಲೆ ನಿಲ್ಲಬೇಕು, ತುದಿ ಓರೆಯಾಗಿ ಕತ್ತರಿಸಿರಬೇಕು. ಮುಕ್ಕಾಲಿಂಚಿನ ಟ್ಯಾಂಕ್ ನಿಪ್ಪಲ್‌ಗೆ 27 ಮಿಮೀ ಹೋಲ್‌ಸಾ (ದುಂಡು ತೂತು ಕೊರೆಯುವ ಗರಗಸ) ಸಾಮಾನ್ಯವಾಗಿ ಸರಿ, ಆದರೂ ನಿಪ್ಪಲ್ ಕೈಯಲ್ಲಿ ಹಿಡಿದು ವರ್ನಿಯರ್ ಇಟ್ಟೇ ಕೊರೆಯಿರಿ, ಕಂಪನಿಗೊಂದು ಅಳತೆ. ಡ್ರಿಲ್ ನಿಧಾನ ಓಡಲಿ. ವೇಗವಾದರೆ ಪ್ಲಾಸ್ಟಿಕ್ ಕರಗಿ ಅಂಚು ದಪ್ಪಗಾಗಿ ವಾಷರ್ ಎತ್ತಿಬಿಡುತ್ತದೆ. ಕೊರೆದ ಸುರುಳಿ ಚೂರುಗಳು ಗೋಡೆಗೆ ಅಂಟಿಕೊಂಡು ಕಣ್ಣಿಗೆ ಬೀಳುವುದಿಲ್ಲ, ಮುಂದೆ ಪಂಪಿನ ವಾಲ್ವಿಗೆ ಹೋಗಿ ಕೂರುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಚೆಕ್‌ನಟ್ಟನ್ನು ಮರುದಿನ ಮತ್ತೆ ಬಿಗಿಯಬೇಕು, ಒತ್ತಡಕ್ಕೆ ಎಚ್‌ಡಿಪಿಇ ತಾನಾಗಿ ಸ್ವಲ್ಪ ಹಿಂದೆ ಸರಿಯುತ್ತದೆ.

ಪಂಪು ಡಯಾಫ್ರಾಮಿನದು, ಔಷಧ ಹೊಡೆಯುವ ಬ್ಯಾಟರಿ ಪಂಪುಗಳಲ್ಲಿ ಇರುವಂಥದೇ, ಹೊಸದೇ ಆಗಿರಬೇಕು. ದೊಡ್ಡ ಬಸ್ಸುಗಳದು 24 ವೋಲ್ಟ್ ಎಂಬುದನ್ನು ಮರೆಯಬೇಡಿ. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆದುಕೊಳ್ಳುವ ಅಡ್ಡದಾರಿ ಎಲ್ಲ ಎಲೆಕ್ಟ್ರಿಷಿಯನ್ನರಿಗೂ ಗೊತ್ತು. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಹಸಿದು, ಇನ್ನೊಂದು ಸದಾ ಉಕ್ಕಿ, ಎರಡೂ ಬೇಗ ಸಾಯುತ್ತವೆ. 24 ವೋಲ್ಟಿನ ಪಂಪು ಅಥವಾ ಕನ್ವರ್ಟರ್ ಹಾಕಿ, ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ, ಪಂಪಿಗೆ ಮುಂಚೆ ಜಾಲಿ ಇರಲಿ. ಬಾಗಲಕೋಟೆ, ವಿಜಯಪುರದ ಎಷ್ಟೋ ಬೋರುಗಳ ನೀರು ಗಡಸು, ಜಾಲಿಯಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ನಿಂಬೆ ಹುಳಿಯಲ್ಲಿ ನೆನೆಸಿದರೆ ಬಿಡುತ್ತದೆ. ಆ ಹುಳಿ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಬಕೆಟ್ಟಿನಲ್ಲಿ ಸೇರಬಾರದು, ಕ್ಲೋರಿನ್ ಗಾಳಿ ಏಳುತ್ತದೆ.

ಹೊರಡುವ ಹಿಂದಿನ ದಿನ ಸೋಂಕು ತೆಗೆಯುವುದು: 200 ಲೀಟರಿಗೆ ಹೊಸ ಬ್ಲೀಚಿಂಗ್ ಪೌಡರ್ 40 ಗ್ರಾಂ, ಕಿರಾಣಿ ತಕ್ಕಡಿಯಲ್ಲಿ ತೂಗಿದ್ದು. ಮೊದಲು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು. ನಳದ ತುದಿಯಲ್ಲಿ ವಾಸನೆ ಬರುವ ತನಕ ಪಂಪು ಓಡಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಚೆಲ್ಲಿ ಎರಡು ಸಲ ಜಾಲಿಸಿ. ತೇವ ಹಿಡಿದು ಗಂಟುಕಟ್ಟಿದ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ.

ದಾರಿಯಲ್ಲಿ ಕುಡಿಯುವ ನೀರನ್ನು ಊರಿನ ಶುದ್ಧ ನೀರಿನ ಘಟಕದಿಂದಲೇ ತುಂಬಿಕೊಳ್ಳುವುದು ಒಳ್ಳೆಯದು. ಫ್ಲೋರೈಡ್ ಇರುವ ಬೋರಿನ ನೀರಿಗೆ ಕ್ಲೋರಿನ್ ಹಾಕಿದರೂ ಕಾಯಿಸಿದರೂ ಫ್ಲೋರೈಡ್ ಹೋಗದು. ಆದರೆ ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿಕೆ ಇರುವುದಿಲ್ಲ, ಬ್ಯಾರಲಿನಲ್ಲಿ ಎರಡು ದಿನ ನಿಂತರೆ ಗೋಡೆ ಲೋಳೆಯಾಗುತ್ತದೆ. ತುಂಬಿದ ಕೂಡಲೇ ಕ್ಲೋರಿನ್ ಮಾತ್ರೆಯನ್ನು ಪಟ್ಟಿಯ ಮೇಲೆ ಬರೆದ ಲೀಟರಿನ ಲೆಕ್ಕಕ್ಕೆ ಹಾಕಿ, ಅರ್ಧ ತಾಸು ಕಾದು ಕೊಡಬೇಕು.

ಪಾತ್ರೆ ತೊಳೆದ ನೀರಿಗೆ ನೆಲದಡಿ ಒಂದು 50 ಲೀಟರಿನ ಕ್ಯಾನ್ ಸಾಕು, ಅನ್ನದ ಅಗುಳು ತಡೆಯುವ ಜಾಲಿಯೊಂದಿಗೆ. ದಿನಕ್ಕೊಮ್ಮೆ ಖಾಲಿ ಮಾಡದಿದ್ದರೆ ಇಡೀ ಬಸ್ಸು ನಾರುತ್ತದೆ.

ಸೋರಿಕೆ ನೋಡಲು ಪೂರ್ತಿ ತುಂಬಿ, ಪ್ರತಿ ಜೋಡಣೆಯ ಕೆಳಗೆ ಹಳೆ ಪೇಪರ್ ಹಾಸಿ ಒಂದು ದಿನ ಬಿಡಿ. ಆಮೇಲೆ ಕೆಟ್ಟ ರಸ್ತೆಯೊಂದನ್ನೇ ಹುಡುಕಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಮತ್ತೆ ಪೇಪರ್ ನೋಡಿ. ನಿಂತಾಗ ಒಣಗಿದ್ದ ಬಿರಡೆ ಓಡಿದಾಗ ಹನಿಯುವುದು ಸಾಮಾನ್ಯ, ವಾಷರ್ ಬದಲಿಸಿದರೆ ನಿಲ್ಲುತ್ತದೆ. ಯಾತ್ರೆ ಮುಗಿದು ಬಸ್ಸು ಮೂಲೆಗೆ ನಿಲ್ಲುವಾಗ ಬ್ಯಾರಲ್ ಪೂರ್ತಿ ಬಸಿದು, ಬೆಲ್ಟು ಸಡಿಲಿಸಿ, ಮೇಲಿನ ಬಿರಡೆ ತೆಗೆದು ಜಾಲಿ ಬಟ್ಟೆ ಕಟ್ಟಿಡಿ. ಕೆಳಗುಳಿದ ಹತ್ತು ಲೀಟರಿಗೆ ಬ್ಯಾರಲನ್ನೇ ತಿರುಗಿಸಿ ಚೆಲ್ಲಬೇಕಾಗುತ್ತದೆ.